ಅಗಲ ಎಲೆಯ ಕಾಡುಗಳ ಆರೋಗ್ಯ: ಕಾಲಾಂತರ ದಾಖಲೆಯ ಕೆಲವು ಪ್ರಶ್ನೆಗಳು

ಮಲೆನಾಡಿನ ಕಾಡು ಮೊದಲಿನಂತಿಲ್ಲ ಎಂಬ ಮಾತು ಕನ್ನಡದ ಕಥನಸಾಹಿತ್ಯದಲ್ಲಿಯೂ ಪ್ರವಾಸಲೇಖನಗಳಲ್ಲಿಯೂ ಸರ್ಕಾರಿ ವರದಿಗಳಲ್ಲಿಯೂ ಪುನಃ ಪುನಃ ಬರುತ್ತದೆ. ಈ ಮಾತು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಸಂಶೋಧನೆಯ ದೃಷ್ಟಿಯಿಂದ ಇದೊಂದು ಹೋಲಿಕೆಯ ಮಾತು. 'ಮೊದಲು' ಎಂದರೆ ಯಾವಾಗ, ಆಗ ಎಣಿಸಿದವರು ಯಾರು, ಯಾವ ಅಳತೆಯಿಂದ ಎಣಿಸಿದರು, ಅದೇ ಸ್ಥಳವನ್ನು ಅದೇ ಅಳತೆಯಿಂದ ಮತ್ತೆ ಯಾರಾದರೂ ಎಣಿಸಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಅದು ಅನುಭವದ ಮಾತಾಗಿ ಉಳಿಯುತ್ತದೆಯೇ ಹೊರತು ಪ್ರಮಾಣವಾಗುವುದಿಲ್ಲ. ಕನ್ನಡ ಆಕರಗಳನ್ನು ಪರಿಸರದ ಇತಿಹಾಸಕ್ಕೆ ಬಳಸಲು ಹೊರಟಿರುವ ಹೊರನಾಡಿನ ಸಂಶೋಧಕರು ಈ ಪ್ರಶ್ನೆಗಳನ್ನು ಆರಂಭದಲ್ಲಿಯೇ ಎದುರಿಸಬೇಕಾಗುತ್ತದೆ. ಕಾಡಿನ ಆರೋಗ್ಯವನ್ನು ವರ್ಷದಿಂದ ವರ್ಷಕ್ಕೆ ಗಮನಿಸಿ ದಾಖಲಿಸುವ ಪದ್ಧತಿ ಯಾವುದು, ಅದು ನಮ್ಮಲ್ಲಿ ಎಲ್ಲಿ ನಡೆದಿದೆ, ಕನ್ನಡ ಆಕರಗಳಿಗೆ ಅದರಲ್ಲಿ ಯಾವ ಸ್ಥಾನವಿದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ. ಕೋಲ್ಕತ್ತದಲ್ಲಿರುವ ಅಭ್ಯಾಸಿಗಳಿಗೆ ಈ ವಿಷಯ ದೂರದ್ದೆನಿಸಬಹುದು. ವಸ್ತುಸ್ಥಿತಿ ಹಾಗಿಲ್ಲವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಅಗಲ ಎಲೆಯ ಕಾಡು ಎಂಬುದು ದೇವದಾರು, ಪೈನ್ ಮುಂತಾದ ಸೂಜಿಯೆಲೆಯ ಮರಗಳ ಕಾಡಿಗೆ ಪ್ರತಿಯಾಗಿ ಹೇಳುವ ಮಾತು. ಕರ್ನಾಟಕದ ಸಹಜಾರಣ್ಯ ಬಹುತೇಕ ಈ ವರ್ಗಕ್ಕೇ ಸೇರಿದ್ದು. ಇದರೊಳಗೆ ಬೇಸಗೆಯಲ್ಲಿ ಎಲೆಯುದುರಿಸುವ ತೇಗ, ಮತ್ತಿ, ದಿಂಡಿಗಗಳ ಕಾಡೂ ಇದೆ, ವರ್ಷವಿಡೀ ಹಸುರಾಗಿರುವ ಘಟ್ಟದ ಕಾಡೂ ಇದೆ. ಆಡುನುಡಿ ಇನ್ನೂ ಸೂಕ್ಷ್ಮವಾದ ಭೇದಗಳನ್ನು ಗುರುತಿಸುತ್ತದೆ: ಸೊರಬ, ಸಾಗರ, ಸಿದ್ದಾಪುರಗಳ ನಿತ್ಯಹಸುರಿನ ಕಾಡು 'ಕಾನು', ಅಡಕೆತೋಟಕ್ಕೆ ಸೊಪ್ಪು ಕಡಿಯಲು ಬಿಟ್ಟ ನೆಲ 'ಸೊಪ್ಪಿನಬೆಟ್ಟ', ಕೊಡಗಿನಲ್ಲಿ ದೇವತೆಗೆ ಮೀಸಲಾದುದು 'ದೇವರಕಾಡು'. ಇವು ಕೇವಲ ಪರ್ಯಾಯಪದಗಳಲ್ಲ. ಒಂದೊಂದೂ ಬಳಕೆಯ ಒಂದು ಕ್ರಮವನ್ನು, ಹಕ್ಕಿನ ಒಂದು ಬಗೆಯನ್ನು ಸೂಚಿಸುತ್ತದೆ. ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸಲ್ಲಿಸಿದ ಜಂಟಿ ವರದಿಯಲ್ಲಿ 'ಕಾನು' ಎಂಬ ಕನ್ನಡ ಪದವನ್ನೇ ಉಳಿಸಿಕೊಂಡಿರುವುದು ಗಮನಾರ್ಹ. ಕಾನಿನಲ್ಲಿ ಮೆಣಸಿನ ಬಳ್ಳಿ ಬೆಳೆಸುತ್ತಿದ್ದ, ಬೈನೆಯಿಂದ ರಸ ಇಳಿಸುತ್ತಿದ್ದ ಗ್ರಾಮದವರಿಗೆ ಅದರ 'ಆರೋಗ್ಯ'ದ ಅರ್ಥ ಒಂದಾಗಿತ್ತು; ಮರದ ದಿಮ್ಮಿಯನ್ನು ಲೆಕ್ಕ ಹಾಕುವ ಇಲಾಖೆಗೆ ಇನ್ನೊಂದಾಗಿತ್ತು. ಈ ಭೇದವನ್ನು ಮರೆತು ಹತ್ತೊಂಬತ್ತನೆಯ ಶತಮಾನದ ಅರಣ್ಯ ವರದಿಗಳನ್ನು ಓದುವುದು ಅಪಾಯಕರ.

ಇನ್ನು ಪ್ರಾಚೀನ ಸಾಹಿತ್ಯದ ವಿಷಯ. ಕನ್ನಡ ಚಂಪೂಕಾವ್ಯಗಳಲ್ಲಿ ವನವರ್ಣನೆ ಹೇರಳವಾಗಿದೆ. ಮರಗಳ ಪಟ್ಟಿ ಹತ್ತಾರು ಪದ್ಯಗಳಿಗೆ ವ್ಯಾಪಿಸುವುದೂ ಉಂಟು. ಇದನ್ನು ಕಂಡು ಉತ್ಸಾಹಗೊಂಡ ಕೆಲವರು ಹತ್ತನೆಯ ಶತಮಾನದ ಕಾಡಿನ ಚಿತ್ರವನ್ನು ಇವುಗಳಿಂದ ಪುನಾರಚಿಸಲು ಬಯಸುತ್ತಾರೆ. ಈ ಮಾರ್ಗ ಫಲಕಾರಿಯಲ್ಲವೆಂದೇ ನನ್ನ ಅಭಿಪ್ರಾಯ. ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನ, ಪರ್ವತ, ಋತುಗಳ ವರ್ಣನೆ ಮಹಾಕಾವ್ಯದ ವಿಧಿ. ಕವಿ ತಾನು ಕಂಡ ಮರವನ್ನು ಹೇಳುತ್ತಿದ್ದಾನೆಯೋ, ಸಂಸ್ಕೃತ ಕಾವ್ಯದಲ್ಲಿ ಓದಿದ ಮರವನ್ನು ಹೇಳುತ್ತಿದ್ದಾನೆಯೋ, ಪ್ರಾಸಕ್ಕೆ ಒದಗಿದ ಮರವನ್ನು ಹೇಳುತ್ತಿದ್ದಾನೆಯೋ ಎಂಬುದನ್ನು ಪದ್ಯದಿಂದ ನಿರ್ಧರಿಸಲಾಗದು. ಒಂದು ಅಂಶವನ್ನು ಮಾತ್ರ ಒಪ್ಪಬಹುದು. ಮಳೆ ಬೀಳುವುದಕ್ಕೆ ಮೊದಲೇ, ನೆಲ ಒಣಗಿರುವಾಗಲೇ, ವಸಂತದಲ್ಲಿ ಮರಗಳು ಚಿಗುರುತ್ತವೆ ಎಂಬ ಕವಿಸಮಯ ನಮ್ಮ ಎಲೆಯುದುರುವ ಕಾಡಿನಲ್ಲಿ ಅಕ್ಷರಶಃ ನಿಜ. ಈ ಕಾಡಿನ ಹಲವು ಜಾತಿಯ ಮರಗಳು ಮುಂಗಾರಿಗೆ ಕಾಯದೆ ಚಿಗುರುತ್ತವೆ.

ಶಾಸನಗಳ ಸ್ಥಿತಿ ಬೇರೆ. ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ಹುಣಿಸೆ, ಆಲ, ಬನ್ನಿ ಮುಂತಾದ ಮರಗಳನ್ನು ಗುರುತಾಗಿ ಹೆಸರಿಸುವ ರೂಢಿ ಕರ್ನಾಟಕದ ಶಾಸನಗಳಲ್ಲಿ ವ್ಯಾಪಕವಾಗಿದೆ. ಇಲ್ಲಿ ಅಲಂಕಾರಕ್ಕೆ ಅವಕಾಶವಿಲ್ಲ. ತಪ್ಪು ಮರವನ್ನು ಹೇಳಿದರೆ ವ್ಯಾಜ್ಯ. ಆದರೆ ಎಲ್ಲೆಗೆ ಆರಿಸಿದ ಮರ ಒಂಟಿಯಾಗಿ, ಎದ್ದು ಕಾಣುವಂತೆ ಇರಬೇಕು. ಆದ್ದರಿಂದ ಶಾಸನದ ಮರ ಊರಿನ ಅಂಚಿನ ಮರ, ಕಾಡಿನ ನಡುವಿನ ಮರವಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ, ಅಂದರೆ ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿಯೇ, ವೃಕ್ಷಾಯುರ್ವೇದದ ಭಾಗವೊಂದಿದೆ. ಮರಕ್ಕೆ ರೋಗ ಬರುತ್ತದೆ, ಅದಕ್ಕೆ ಲಕ್ಷಣಗಳಿವೆ, ಚಿಕಿತ್ಸೆಯಿದೆ ಎಂಬ ತಿಳಿವಳಿಕೆ ಕನ್ನಡದಲ್ಲಿ ಅಷ್ಟು ಹಳೆಯದು. ಆದರೆ ಅದು ತೋಟದ ಮರದ ವೈದ್ಯ. ಒಂದು ಮರದ ಆರೋಗ್ಯವನ್ನು ನೋಡುವುದಕ್ಕೂ ಕಾಡಿನ ಆರೋಗ್ಯವನ್ನು ನೋಡುವುದಕ್ಕೂ ಮೂಲಭೂತವಾದ ಅಂತರವಿದೆ: ಆರೋಗ್ಯವಾದ ಕಾಡಿನಲ್ಲಿಯೂ ಪ್ರತಿವರ್ಷ ಮರಗಳು ಸಾಯುತ್ತವೆ. ಸತ್ತ ಮರದ ಜಾಗವನ್ನು ಯಾವ ಸಸಿ ತುಂಬಿತು, ಎಷ್ಟು ಬೇಗ ತುಂಬಿತು ಎಂಬುದೇ ಪ್ರಶ್ನೆ.

ಕೋಲ್ಕತ್ತದ ಸಂಬಂಧ ಇಲ್ಲಿಂದ ಆರಂಭವಾಗುತ್ತದೆ. ಹೂಗ್ಲಿಯ ಪಶ್ಚಿಮದ ದಡದಲ್ಲಿ, ಹೌರಾದ ಶಿಬ್‌ಪುರದಲ್ಲಿ ಕರ್ನಲ್ ರಾಬರ್ಟ್ ಕಿಡ್ 1787ರಲ್ಲಿ ಆರಂಭಿಸಿದ ಸಸ್ಯೋದ್ಯಾನಕ್ಕೆ 2009ರಿಂದ ಆಚಾರ್ಯ ಜಗದೀಶಚಂದ್ರ ಬೋಸರ ಹೆಸರಿದೆ. 1793ರಿಂದ 1813ರವರೆಗೆ ಇದರ ಅಧಿಕಾರಿಯಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಭಾರತೀಯ ಚಿತ್ರಕಾರರಿಂದ ಬರೆಯಿಸಿದ ಸುಮಾರು 2,500 ಸಸ್ಯಚಿತ್ರಗಳು ಈ ಸಂಸ್ಥೆಯ ಆಸ್ತಿ. ಅವನ ಅನಂತರ 1814ರಲ್ಲಿ ಆ ಸ್ಥಾನಕ್ಕೆ ಬಂದವನು ಫ್ರಾನ್ಸಿಸ್ ಬುಕಾನನ್. ಕರ್ನಾಟಕದ ಇತಿಹಾಸವನ್ನು ಓದಿದವರಿಗೆಲ್ಲ ಈ ಹೆಸರು ಪರಿಚಿತ. ಟಿಪ್ಪುವಿನ ಪತನದ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ ಅವನು ಬರೆದ ವಿವರ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಬೆಳೆ, ಕಂದಾಯ, ಜಾತಿಗಳ ವಿವರಕ್ಕಾಗಿ ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಹಲವೆಡೆ ಅವನು ಆಯಾ ಕಾಡಿನ ಮರಗಳನ್ನು ಸ್ಥಳೀಯರು ಹೇಳಿದ ಹೆಸರುಗಳೊಂದಿಗೆ ಪಟ್ಟಿ ಮಾಡಿದ್ದಾನೆ. ಈ ಪಟ್ಟಿಗಳನ್ನು ಓದುವವರು ಕಡಿಮೆ. ದಿನಾಂಕ ಮತ್ತು ಸ್ಥಳ ಎರಡೂ ಖಚಿತವಾಗಿರುವ, ಕನ್ನಡ ಹೆಸರುಗಳುಳ್ಳ ಇಂತಹ ಕಾಡಿನ ಪಟ್ಟಿಗಳು ಅದಕ್ಕೂ ಹಿಂದಿನ ಆಕರಗಳಲ್ಲಿ ದುರ್ಲಭ. ಆದರೆ ಬುಕಾನನ್ ಎಣಿಸಲಿಲ್ಲ. ಒಂದು ಮರ ಇತ್ತು ಎಂಬುದು ಅವನಿಂದ ತಿಳಿಯುತ್ತದೆ. ಎಷ್ಟಿತ್ತು ಎಂಬುದು ತಿಳಿಯುವುದಿಲ್ಲ. ಅವನ ಪಟ್ಟಿಯಲ್ಲಿ ಇಲ್ಲದ ಮರ ಆ ಕಾಡಿನಲ್ಲಿ ಇರಲಿಲ್ಲವೆಂದು ವಾದಿಸುವುದಂತೂ ಸರ್ವಥಾ ಸಲ್ಲದು.

ಇದೇ ಉದ್ಯಾನದ ಮಹಾ ಆಲದ ಮರ ದೀರ್ಘಕಾಲದ ಅವಲೋಕನೆಗೆ ಒಂದು ವಿಚಿತ್ರ ನಿದರ್ಶನ. ಇನ್ನೂರೈವತ್ತು ವರ್ಷಕ್ಕೂ ಹಳೆಯದೆಂದು ಭಾವಿಸಲಾಗಿರುವ ಈ ಮರ 1864 ಮತ್ತು 1867ರ ಚಂಡಮಾರುತಗಳಲ್ಲಿ ಕೊಂಬೆಗಳನ್ನು ಕಳೆದುಕೊಂಡಿತು; ಗಾಯಗೊಂಡ ಮುಖ್ಯ ಕಾಂಡಕ್ಕೆ ಶಿಲೀಂಧ್ರ ತಗುಲಿ, 1925ರಲ್ಲಿ ಅದನ್ನು ತೆಗೆದುಹಾಕಬೇಕಾಯಿತು. ಮೂಲ ಕಾಂಡವಿಲ್ಲದೆ ಸಾವಿರಾರು ಬಿಳಲುಗಳ ಮೇಲೆ ಮರ ಇಂದಿಗೂ ಹರಡುತ್ತಿದೆ. 2020ರ ಮೇ 20ರ ಅಂಫಾನ್ ಚಂಡಮಾರುತದಲ್ಲಿ ಉದ್ಯಾನದ ಅನೇಕ ಮರಗಳು ಉರುಳಿದುವು, ಆಲಕ್ಕೂ ಹಾನಿಯಾಯಿತು. ಹೀಗೆ ಒಂದೂವರೆ ಶತಮಾನದ ಗಾಯಗಳ ತೇದಿ ನಮಗೆ ತಿಳಿದಿದೆ. ಆದರೂ ಈ ಮರ ಆರೋಗ್ಯವಾಗಿದೆಯೇ ಎಂಬ ಪ್ರಶ್ನೆಗೆ ಅರಣ್ಯಶಾಸ್ತ್ರದ ಸಾಮಾನ್ಯ ಅಳತೆಗೋಲು ನಿರುತ್ತರವಾಗುತ್ತದೆ. ಆ ಅಳತೆಗೋಲು ಒಂದು ಮರಕ್ಕೆ ಒಂದು ಕಾಂಡವಿದೆಯೆಂದು ಊಹಿಸಿಕೊಂಡಿದೆ.

ಅಳತೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾಡಿನ ಒಂದು ಭಾಗವನ್ನು ಆರಿಸಿ, ಅದನ್ನು ಸಾಮಾನ್ಯವಾಗಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳಾಗಿ ವಿಭಾಗಿಸಿ ಮೂಲೆಗಳಿಗೆ ಕಲ್ಲು ಅಥವಾ ಕಂಬ ನೆಡುತ್ತಾರೆ. ಗೊತ್ತುಪಡಿಸಿದ ದಪ್ಪಕ್ಕಿಂತ ಹೆಚ್ಚಿರುವ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆಯ ತಗಡನ್ನು ಕಟ್ಟಿ, ಅದರ ಜಾತಿಯನ್ನೂ ಚೌಕದೊಳಗಿನ ಸ್ಥಾನವನ್ನೂ ಬರೆದುಕೊಂಡು, ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ಮನುಷ್ಯನ ಎದೆಮಟ್ಟದಲ್ಲಿ, ಸುತ್ತಳತೆ ತೆಗೆಯುತ್ತಾರೆ. ಬುಡದಲ್ಲಿ ಹಲಗೆಬೇರುಗಳಿದ್ದರೆ ಅವುಗಳಿಂದ ಮೇಲೆ ಅಳೆಯಬೇಕು. ಅಳೆದ ಜಾಗಕ್ಕೆ ಬಣ್ಣದ ಗೆರೆ ಹಾಕಬೇಕು. ಮುಂದಿನ ಸಲ ಟೇಪು ನಾಲ್ಕು ಬೆರಳು ಮೇಲೆ ಕೆಳಗೆ ಆದರೂ ಮರ ಬೆಳೆದಂತೆಯೋ ಕುಗ್ಗಿದಂತೆಯೋ ಕಾಣುತ್ತದೆ. ನಿಗದಿಯಾದ ಅವಧಿಯ ನಂತರ ಅದೇ ತಗಡಿನ ಅದೇ ಮರಕ್ಕೆ ಹಿಂತಿರುಗುತ್ತಾರೆ. ಸತ್ತವು ಎಷ್ಟು, ಹೊಸದಾಗಿ ಎಣಿಕೆಗೆ ಬಂದವು ಎಷ್ಟು, ಉಳಿದವು ಎಷ್ಟು ದಪ್ಪವಾದುವು ಎಂಬ ಮೂರು ಲೆಕ್ಕಗಳಿಂದ ಕಾಡಿನ ಚಲನೆ ತಿಳಿಯುತ್ತದೆ. ಕೆಲಸ ಸರಳ, ಬೇಸರದ್ದು, ಕಾಲು ಶತಮಾನ ನಡೆದರೆ ಮಾತ್ರ ಬೆಲೆಯುಳ್ಳದ್ದು. ಹಸ್ತಪ್ರತಿಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ಪಾಠಾಂತರ ಗುರುತಿಸಿದವರಿಗೆ ಈ ಶ್ರಮದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಉಷ್ಣವಲಯದಲ್ಲಿ ಈ ಪದ್ಧತಿಗೆ ಮಾದರಿಯಾದುದು ಪನಾಮಾದ ಬಾರೋ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಗುರುತಿಸಿದ 50 ಹೆಕ್ಟೇರಿನ ಕ್ಷೇತ್ರ. ಭಾರತದಲ್ಲಿ ಅದೇ ವಿಸ್ತಾರದ ಕ್ಷೇತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ 1988ರಲ್ಲಿ ಮುದುಮಲೆಯಲ್ಲಿ ಸ್ಥಾಪಿಸಿದರು. ಮುದುಮಲೆ ಇಂದು ತಮಿಳುನಾಡಿನ ನೀಲಗಿರಿ ಜಿಲ್ಲೆಗೆ ಸೇರಿದ್ದರೂ ಬಂಡೀಪುರದ ಕಾಡಿನ ಮುಂದುವರಿಕೆಯೇ ಆಗಿದೆ. ಅಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪನಾದ ಸುಮಾರು 26,000 ಕಾಂಡಗಳು, ಸುಮಾರು 70 ಜಾತಿಗಳು ಮೊದಲ ಎಣಿಕೆಯಲ್ಲಿ ದೊರೆತುವು. ಸಾವು ಮತ್ತು ಹೊಸ ಹುಟ್ಟುಗಳನ್ನು ಪ್ರತಿವರ್ಷ, ಸುತ್ತಳತೆಯನ್ನು ನಾಲ್ಕು ವರ್ಷಕ್ಕೊಮ್ಮೆ ನೋಡುವ ಕ್ರಮವನ್ನು ಅಲ್ಲಿ ಅನುಸರಿಸಲಾಗಿದೆ. ಇಷ್ಟು ದೊಡ್ಡ ಕ್ಷೇತ್ರದಲ್ಲಿ ಸಾವುಗಳನ್ನು ವರ್ಷಕ್ಕೊಮ್ಮೆ ನೋಡುವುದು ಅಪರೂಪ. ಬೇರೆಡೆ ಐದು ವರ್ಷಕ್ಕೊಮ್ಮೆ ಎಣಿಸುವುದೇ ವಾಡಿಕೆ.

ಆ ಮೊದಲ ಎಣಿಕೆಯಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿದ್ದುದು ಕಿಡಿಯಾ ಕ್ಯಾಲಿಸಿನಾ, ಕನ್ನಡದಲ್ಲಿ ನಾಯಿಬೆಂಡೆ. ಸುಮಾರು 5,000 ಕಾಂಡಗಳು. ಈ ಕುಲಕ್ಕೆ ಶಿಬ್‌ಪುರದ ಉದ್ಯಾನದ ಸ್ಥಾಪಕ ಕಿಡ್‌ನ ಗೌರವಾರ್ಥವಾಗಿ ಹೆಸರಿಟ್ಟವನು ರಾಕ್ಸ್‌ಬರ್ಗ್. ನಾಯಿಬೆಂಡೆಯ ತೊಗಟೆ ನಾರಿನದು. ಆನೆಗಳಿಗೆ ಬಲು ಇಷ್ಟ. ಮುರಿದು, ಸುಲಿದು ತಿನ್ನುತ್ತವೆ. ಎಣಿಕೆ ಮುಂದುವರಿದಂತೆ ಈ ಮರದ ಸಂಖ್ಯೆ ಮೊದಲ ದಶಕದಲ್ಲಿಯೇ ತೀವ್ರವಾಗಿ ಕುಸಿಯಿತು. ಒಮ್ಮೆ ಮಾತ್ರ ಬಂದು ನೋಡಿದವರು ಇದನ್ನು ನಾಯಿಬೆಂಡೆಯ ಕಾಡೆಂದು ಬರೆದುಬಿಡುತ್ತಿದ್ದರು. ಹತ್ತು ವರ್ಷದ ನಂತರ ಬಂದವರು ಅದರ ಹೆಸರನ್ನು ಪಟ್ಟಿಯ ಕೆಳಗೆಲ್ಲೋ ಬರೆಯುತ್ತಿದ್ದರು. ಇಬ್ಬರೂ ಸತ್ಯವನ್ನೇ ಬರೆದಂತಾಗುತ್ತಿತ್ತು. ಆದರೆ ಕಾರಣ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಆನೆ ಮುರಿದದ್ದೋ, ಬೆಂಕಿಗೆ ಸತ್ತದ್ದೋ, ಬರಕ್ಕೆ ಒಣಗಿದ್ದೋ ಎಂಬುದನ್ನು ವರ್ಷವರ್ಷವೂ ಬುಡದ ಬಳಿ ನಿಂತು ನೋಡಿದವರೇ ಹೇಳಬಲ್ಲರು. ಮತ್ತೆ, ಇದು ಕಾಡಿನ ಅನಾರೋಗ್ಯವೇ? ಆನೆಯಿರುವ ಕಾಡಿನಲ್ಲಿ ಆನೆಗೆ ಮೆಚ್ಚಿನ ಮರ ಕಡಿಮೆಯಾಗುವುದು, ಆನೆ ಬೇರೆಡೆ ಹೋದಾಗ ಅದು ಮತ್ತೆ ಚಿಗುರುವುದು ಆ ಕಾಡಿನ ಸ್ವಭಾವವೂ ಇರಬಹುದು. ಅಂತಹ ಏರಿಳಿತವನ್ನು ಅವನತಿಯಿಂದ ಬೇರ್ಪಡಿಸಲು ಹತ್ತು ವರ್ಷದ ಲೆಕ್ಕ ಸಾಲದು.

ಬರದ ವಿಷಯದಲ್ಲಿ ಮುದುಮಲೆಯ ದಾಖಲೆ ಇನ್ನೊಂದು ಪಾಠವನ್ನು ಕೊಟ್ಟಿದೆ. ಸುರೇಶ್, ದತ್ತರಾಜ ಮತ್ತು ಸುಕುಮಾರ್ ಅವರು ಹತ್ತೊಂಬತ್ತು ವರ್ಷಗಳ ಮಳೆಯನ್ನೂ ಮರಗಳ ಸಾವನ್ನೂ ಜೋಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಳೆ ಕಡಿಮೆಯಾದ ವರ್ಷವೇ ದೊಡ್ಡ ಮರಗಳು ಸಾಯುವುದಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಸಾವು ಹೆಚ್ಚುತ್ತದೆ. ಬರದ ಮರುವರ್ಷ ಒಳ್ಳೆಯ ಮಳೆಯಾಗಿ ಕಾಡೆಲ್ಲ ಹಸುರಾದಾಗ ಅಪಾಯ ಕಳೆಯಿತೆಂದು ಬರೆಯುವ ವರದಿಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ನಿತ್ಯಹಸುರಿನ ಕಾಡಿಗೆ ಇಂತಹ ದಾಖಲೆ ಕೊಡಗಿನ ಉಪ್ಪಂಗಳದಲ್ಲಿದೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಕಡಮಕಲ್ಲು ಮೀಸಲು ಅರಣ್ಯದಲ್ಲಿ, ವರ್ಷಕ್ಕೆ ಸುಮಾರು 5,000 ಮಿಲಿಮೀಟರ್ ಮಳೆ ಬೀಳುವ ಇಳಿಜಾರಿನಲ್ಲಿ, 1989-90ರಿಂದ ಮರಗಳನ್ನು ಅಳೆಯುತ್ತಿದ್ದಾರೆ. ಅದು ಸಾಲುಧೂಪ, ರಾಮಪತ್ರೆಗಳ ಕಾಡು. ಉತ್ತರ ಕನ್ನಡದಲ್ಲಿ 1984ರಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯವರು ಒಂದೊಂದು ಹೆಕ್ಟೇರಿನ ಎಂಟು ಕ್ಷೇತ್ರಗಳನ್ನು ಗುರುತಿಸಿದ್ದರು. ಜನರ ಬಳಕೆಯಿರುವ ಕಾಡನ್ನೂ ಅವು ಒಳಗೊಂಡಿದ್ದುವು ಎಂಬುದು ಅವುಗಳ ವಿಶೇಷ.

ಯುರೋಪಿನಲ್ಲಿ 1985ರಿಂದ ಹಲವು ದೇಶಗಳು ಒಟ್ಟಾಗಿ ನಡೆಸುತ್ತಿರುವ ಅವಲೋಕನೆಯಲ್ಲಿ ಓಕ್, ಬೀಚ್ ಮರಗಳ ನೆತ್ತಿಯನ್ನು ಬೇಸಗೆಯಲ್ಲಿ ನೋಡಿ, ಎಷ್ಟು ಭಾಗ ಎಲೆ ಬೋಳಾಗಿದೆ ಎಂಬುದರಿಂದ ಆರೋಗ್ಯವನ್ನು ನಿರ್ಣಯಿಸುತ್ತಾರೆ. ಆ ಕ್ರಮವನ್ನು ಹಾಗೆಯೇ ಇಲ್ಲಿಗೆ ತಂದರೆ ಮಾಘ ಫಾಲ್ಗುಣಗಳಲ್ಲಿ ಬಂಡೀಪುರದ ಕಾಡೆಲ್ಲ ರೋಗಗ್ರಸ್ತವೆಂದು ಬರೆಯಬೇಕಾದೀತು.

ಇಂದು ಕಾಡಿನ ಸ್ಥಿತಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಅಂಕಿಗಳು ಹೆಚ್ಚಾಗಿ ಉಪಗ್ರಹಚಿತ್ರಗಳಿಂದ ದೊರೆತವು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ವರದಿಯನ್ನು ಪ್ರಕಟಿಸುತ್ತ ಬಂದಿದೆ. ಈ ಕಾರ್ಯದ ಮಹತ್ವವನ್ನು ಕಡೆಗಣಿಸಲಾಗದು. ಆದರೆ 'ಅರಣ್ಯಾವರಣ' ಎಂಬ ಅದರ ಪರಿಭಾಷೆಯನ್ನು ಗಮನಿಸಬೇಕು: ಒಂದು ಹೆಕ್ಟೇರು ಅಥವಾ ಹೆಚ್ಚಿನ ನೆಲದಲ್ಲಿ ಮರಗಳ ನೆರಳು ಶೇಕಡಾ 10ನ್ನು ಮೀರಿದ್ದರೆ ಅದು ಅರಣ್ಯಾವರಣ, ಒಡೆತನ ಯಾರದೇ ಇರಲಿ, ಮರ ಯಾವುದೇ ಇರಲಿ. ಹೀಗಾಗಿ ಕಾಫಿತೋಟದ ನೆರಳಿನ ಮರಗಳು, ಅಕೇಶಿಯಾ ನೆಡುತೋಪುಗಳು ಕಾನಿನ ಪಕ್ಕದಲ್ಲಿಯೇ ಲೆಕ್ಕಕ್ಕೆ ಬರುತ್ತವೆ. ಕೊಡಗಿನ ತೋಟಗಳಲ್ಲಿ ಕಾಡುಮರಗಳ ಸ್ಥಾನವನ್ನು ಸಿಲ್ವರ್ ಓಕ್ ಆಕ್ರಮಿಸಿಕೊಂಡಿರುವುದು ಎಲ್ಲರಿಗೂ ತಿಳಿದ ಸಂಗತಿ. ನೆರಳಿನ ಶೇಕಡಾವಾರಿನಲ್ಲಿ ಈ ಬದಲಾವಣೆ ಕಾಣುವುದಿಲ್ಲ. ಆರಂಭದ ಚಿತ್ರಗಳ ಸೂಕ್ಷ್ಮತೆಗೂ ಈಚಿನವುಗಳ ಸೂಕ್ಷ್ಮತೆಗೂ ಬಹಳ ಅಂತರವಿರುವುದರಿಂದ 1987ರ ಅಂಕಿಯನ್ನು ಈಚಿನ ಅಂಕಿಯಿಂದ ಕಳೆದು ಏರಿತು, ಇಳಿಯಿತು ಎಂದು ತೀರ್ಮಾನಿಸುವುದೂ ಸಾಧುವಲ್ಲ.

ಮೇಲಿನಿಂದ ಕಾಣದಿರುವುದು ಇನ್ನೊಂದಿದೆ. ಅದು ಲಂಟಾನ. ದಕ್ಷಿಣ ಅಮೆರಿಕದ ಈ ಮುಳ್ಳುಪೊದೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದದ್ದು ಕಲ್ಕತ್ತದ ಇದೇ ಸಸ್ಯೋದ್ಯಾನಕ್ಕೆ ಎಂಬುದು ವಿದ್ವಾಂಸರು ಒಪ್ಪಿದ ಮಾತು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ನೋಡಿದ ತುಂಡುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನದ ವ್ಯಾಪ್ತಿ ಸುಮಾರು ಇಮ್ಮಡಿಯಾಗಿತ್ತು. ಮೇಲೆ ಹಸುರು ನೆತ್ತಿ ಹಾಗೆಯೇ ಇರುತ್ತದೆ. ಕೆಳಗೆ ಮತ್ತಿ, ಹೊನ್ನೆ, ನೆಲ್ಲಿಗಳ ಸಸಿ ಏಳಲು ಬೆಳಕಿಲ್ಲ. ಮುದಿಮರಗಳು ಸತ್ತ ಮೇಲೆ ತಿಳಿಯುವ ರೋಗವಿದು. ಅಲ್ಲಿನ ಸೋಲಿಗರ ವಿವರಣೆ ಬೇರೊಂದು ದಿಕ್ಕನ್ನು ತೋರಿಸುತ್ತದೆ. ಬೇಸಗೆಯ ಆರಂಭದಲ್ಲಿ ಉದುರಿದ ಎಲೆಗೆ ಇಡುತ್ತಿದ್ದ ಮೆದುವಾದ 'ತರಗುಬೆಂಕಿ' ಲಂಟಾನದ ಎಳೆಗಿಡಗಳನ್ನೂ, ನೆಲ್ಲಿಮರವನ್ನು ಹೀರುವ ಬಂದಳಿಕೆಯನ್ನೂ ಹತೋಟಿಯಲ್ಲಿಟ್ಟಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು, ಪೊದೆ ಬೆಳೆಯಿತು, ಈಗ ಬೀಳುವ ಬೆಂಕಿ ಮೆದುವಾದುದಲ್ಲ ಎಂಬುದು ಅವರ ವಾದ. ಈ ವಾದವನ್ನು ಸಂಶೋಧಕರು ಗಂಭೀರವಾಗಿ ಪರಿಶೀಲಿಸಿದ್ದಾರೆ. ಅದು ಪೂರ್ತಿ ಸರಿಯೋ ಎಂಬುದಕ್ಕಿಂತ, ತೇದಿ ಹಾಕದಿದ್ದರೂ ಎರಡು ಮೂರು ತಲೆಮಾರಿನ ಅವಲೋಕನೆ ಅದರಲ್ಲಿದೆ ಎಂಬುದು ಮುಖ್ಯ. ಆ ಅವಲೋಕನೆ ಕನ್ನಡದ ಉಪಭಾಷೆಯೆಂದು ಕೆಲವರು, ಸೋದರಭಾಷೆಯೆಂದು ಕೆಲವರು ಹೇಳುವ ನುಡಿಯಲ್ಲಿದೆ.

ಇಲ್ಲಿಯೇ ನಮ್ಮಂಥವರ ಕೆಲಸವಿರುವುದು. ಹಳೆಯ ದಾಖಲೆಯನ್ನು ಹೊಸದರೊಡನೆ ಹೋಲಿಸುವಾಗ ಮೊದಲು ಎಡವುವುದು ಹೆಸರಿನಲ್ಲಿ. 'ಮತ್ತಿ' ಎಂದಷ್ಟೇ ಬರೆದಿದ್ದರೆ ಅದು ಗುಡ್ಡದ ಕರಿಮತ್ತಿಯೋ ಹೊಳೆಯಂಚಿನ ಹೊಳೆಮತ್ತಿಯೋ ತಿಳಿಯದು. 'ಧೂಪ' ಎಂಬುದು ಒಂದು ಕಡೆ ಒಂದು ಮರ, ಘಟ್ಟದ ಇನ್ನೊಂದು ಮಗ್ಗುಲಲ್ಲಿ ಬೇರೊಂದು. ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳೂ ಸ್ಥಿರವಲ್ಲ. ಮುದುಮಲೆಯ ಮೊದಲ ವರದಿಗಳಲ್ಲಿ ಮತ್ತಿಗೆ ಇದ್ದ ಹೆಸರು ಇಂದಿನ ಗ್ರಂಥಗಳಲ್ಲಿ ಬದಲಾಗಿದೆ. ಬುಕಾನನ್ ತನ್ನ ಕಿವಿಗೆ ಕೇಳಿದಂತೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಹೆಸರುಗಳನ್ನು ಬಿಡಿಸಲು ಸಸ್ಯಶಾಸ್ತ್ರಜ್ಞನಷ್ಟೇ ಕನ್ನಡದ ಪ್ರಾದೇಶಿಕ ಭೇದಗಳನ್ನು ಬಲ್ಲವನೂ ಬೇಕು. ಮಂಗರಾಜನ 'ಖಗೇಂದ್ರಮಣಿದರ್ಪಣ' ಮೊದಲಾದ ವೈದ್ಯಗ್ರಂಥಗಳ ಸಸ್ಯನಾಮಗಳು, ಶಾಸನಗಳ ಎಲ್ಲೆಮರಗಳು, ಬುಕಾನನ್ನನ ಪಟ್ಟಿಗಳು, ಹತ್ತೊಂಬತ್ತನೆಯ ಶತಮಾನದ ಅರಣ್ಯ ವರದಿಗಳು, ಇಂದಿನ ಕ್ಷೇತ್ರಗಳ ಎಣಿಕೆಪುಸ್ತಕಗಳು, ಇವುಗಳ ಹೆಸರುಗಳನ್ನು ಸ್ಥಳ ಮತ್ತು ಕಾಲಗಳೊಂದಿಗೆ ಜೋಡಿಸಿದ ಒಂದು ಪದಕೋಶ ಸಿದ್ಧವಾಗಬೇಕು. ಕೋಲ್ಕತ್ತದಲ್ಲಿರುವ ಕನ್ನಡ ಅಭ್ಯಾಸಿಗಳು ಶಿಬ್‌ಪುರದ ಕೇಂದ್ರೀಯ ಸಸ್ಯಸಂಗ್ರಹಾಲಯದಿಂದ ಇದನ್ನು ಆರಂಭಿಸಬಹುದು. ಅಲ್ಲಿ ಸುಮಾರು 20 ಲಕ್ಷ ಒಣಸಸ್ಯಗಳ ಹಾಳೆಗಳಿವೆ. ಮೈಸೂರು, ಕೆನರಾ, ಕೊಡಗುಗಳಿಂದ ಬಂದ ಹಾಳೆಗಳ ಚೀಟಿಯಲ್ಲಿ ಸಂಗ್ರಹಿಸಿದ ಊರು, ತೇದಿ, ಕೆಲವೊಮ್ಮೆ ಅಲ್ಲಿನವರು ಹೇಳಿದ ಹೆಸರು ಇರುತ್ತವೆ. ಹಾಳೆಯ ಮೇಲೆ ಹೂವಿದ್ದರೆ ಆ ವರ್ಷ ಆ ಮರ ಯಾವ ತಿಂಗಳಲ್ಲಿ ಹೂಬಿಟ್ಟಿತೆಂಬುದೂ ತಿಳಿಯುತ್ತದೆ. ಸಸ್ಯ ಎದುರಿಗೇ ಇರುವುದರಿಂದ ಹೆಸರಿನ ಸಂಶಯವನ್ನು ಅಲ್ಲಿಯೇ ಪರಿಹರಿಸಿಕೊಳ್ಳಬಹುದು. ಮೊದಲ ಹಂತಕ್ಕೆ ಮತ್ತಿ, ನಂದಿ, ಹೊನ್ನೆ, ಧೂಪ, ನಾಯಿಬೆಂಡೆ ಈ ಐದು ಹೆಸರುಗಳನ್ನು ತೆಗೆದುಕೊಂಡರೆ ಸಾಕು.